ಕುಕನೂರು ಸೀಮೆಯ ವಿದ್ಯಾಭ್ಯಾಸವೂ ಯಂತ್ರಮುಖವಾದ ಬೋಧನೆಯೂ

ಕೊಪ್ಪಳ ಜಿಲ್ಲೆಯ ಕುಕನೂರು ಪ್ರಾಚೀನವಾದ ಊರು. ಶಾಸನಗಳಲ್ಲಿ ಇದಕ್ಕೆ ಕುಕ್ಕನೂರೆಂದು ಹೆಸರು. ಬೆಳ್ವೊಲ ಮುನ್ನೂರರೊಳಗಣ ಕುಕ್ಕನೂರು ಮೂವತ್ತೆಂಬ ವಿಭಾಗಕ್ಕೆ ಇದೇ ಮುಖ್ಯಸ್ಥಳವಾಗಿದ್ದಿತು. ರಾಷ್ಟ್ರಕೂಟರ ಕಾಲದ ನವಲಿಂಗ ದೇವಾಲಯಗಳ ಸಮೂಹವೂ ಕಲ್ಲೇಶ್ವರನ ಗುಡಿಯೂ ಇಲ್ಲಿ ಇಂದಿಗೂ ನಿಂತಿವೆ. ಸಮೀಪದ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ದೇವಾಲಯವನ್ನು ಶಾಸನಕಾರನು ದೇವಾಲಯಚಕ್ರವರ್ತಿಯೆಂದು ಕೊಂಡಾಡಿರುವುದು ಅಭ್ಯಾಸಿಗಳಿಗೆ ವಿದಿತವೇ ಆಗಿದೆ. ಇಂತಹ ಸೀಮೆಯ ಮಕ್ಕಳು ಈಗ ಪಾಠಪುಸ್ತಕದ ಜೊತೆಯಲ್ಲಿ ಗಣಕಯಂತ್ರದಿಂದಲೂ ದೂರದರ್ಶನದಿಂದಲೂ ಅಂಗೈಯಗಲದ ಮೊಬೈಲ್ ಫೋನಿನಿಂದಲೂ ವಿದ್ಯೆಯನ್ನು ಪಡೆಯಬೇಕೆಂಬ ಕಾಲ ಬಂದಿದೆ. ಈ ವಿಷಯವನ್ನು ಕುರಿತ ಚರ್ಚೆಯೆಲ್ಲ ಬಹುಮಟ್ಟಿಗೆ ಯಂತ್ರಗಳೆಷ್ಟು, ಅವುಗಳ ಬೆಲೆಯೆಷ್ಟು, ಅಂತರ್ಜಾಲದ ವೇಗವೆಷ್ಟು ಎಂಬುದರ ಸುತ್ತಲೇ ತಿರುಗುತ್ತಿರುವುದು. ಇವು ಬೇಡದ ಪ್ರಶ್ನೆಗಳಲ್ಲ. ಆದರೆ ಇವುಗಳಿಗಿಂತ ಮುಂಚೆ ಕೇಳಬೇಕಾದ ಪ್ರಶ್ನೆಗಳು ಎರಡುಂಟು. ಯಂತ್ರವು ಮಗುವಿನೊಡನೆ ಯಾವ ಕನ್ನಡದಲ್ಲಿ ಮಾತನಾಡುತ್ತದೆ? ಅದಕ್ಕೂ ಮಗುವಿಗೂ ನಡುವೆ ನಿಂತಿರುವವರು ಯಾರು?

ಈ ಸೀಮೆಯ ಮಟ್ಟಿಗೆ ಹೇಳುವುದಾದರೆ ಇವು ಬಹು ಹಳೆಯ ಪ್ರಶ್ನೆಗಳು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿರುವುದು ೧೯೩೧ರಲ್ಲಿ ಬೆಳಕಿಗೆ ಬಂದಿತು. ಅವುಗಳ ಲಿಪಿ ಬ್ರಾಹ್ಮೀ, ಭಾಷೆ ಪ್ರಾಕೃತ. ಧರ್ಮದಲ್ಲಿ ಉದ್ಯುಕ್ತನಾದವನು ದೊಡ್ಡವನಾಗಲಿ ಸಣ್ಣವನಾಗಲಿ ಸ್ವರ್ಗವನ್ನು ಪಡೆಯಬಲ್ಲನೆಂದು ಚಕ್ರವರ್ತಿಯು ಅಲ್ಲಿ ಸಾರಿರುವನು. ದೂರಶಿಕ್ಷಣವೆಂಬ ಮಾತನ್ನು ತುಸು ಸಡಿಲವಾಗಿ ಬಳಸುವುದಾದರೆ ಇದೂ ಒಂದು ದೂರಶಿಕ್ಷಣವೇ ಸರಿ: ಪಾಠ ಒಂದು, ಅದನ್ನು ಹೊತ್ತ ಬಂಡೆಗಳು ಹಲವು. ಆದರೆ ಬೆಟ್ಟದ ಕೆಳಗೆ ದನ ಕಾಯುತ್ತಿದ್ದವನಿಗೆ ಪ್ರಾಕೃತವೆಲ್ಲಿ ಬರಬೇಕು? ಬಂಡೆಯ ಬಳಿ ನಿಂತು ಅದನ್ನು ಓದಿ ಅವನ ಮಾತಿನಲ್ಲಿ ತಿಳಿಯಹೇಳುವ ಅಧಿಕಾರಿಯೋ ಭಿಕ್ಷುವೋ ಇದ್ದ ಹೊರತು ಆ ಬರಹದಿಂದ ಪ್ರಯೋಜನವಾಗಿರಲಾರದು. ಅಶೋಕನಿಗೆ ಈ ತಿಳಿವಳಿಕೆ ಇಲ್ಲದಿರಲಿಲ್ಲ. ಕಳಿಂಗದ ಪ್ರತ್ಯೇಕ ಶಾಸನಗಳನ್ನು ತಿಷ್ಯನಕ್ಷತ್ರದ ದಿನಗಳಲ್ಲಿ ಓದಿ ಕೇಳಿಸಬೇಕೆಂದು ಆತನೇ ವಿಧಿಸಿದ್ದಾನೆ. ಬಂಡೆಗೆ ಒಂದು ಬಾಯಿಯೂ ಬೇಕೆಂಬುದನ್ನು ಆತನು ಕಂಡುಕೊಂಡಿದ್ದನೆಂದು ಇದರಿಂದ ತಿಳಿಯಬರುತ್ತದೆ.

ಅಲ್ಲಿಂದ ಬಹು ಶತಮಾನಗಳನ್ನು ದಾಟಿ ನಿಜಾಮರ ಆಳ್ವಿಕೆಗೆ ಬಂದರೆ ಇದೇ ಪ್ರಶ್ನೆ ಇನ್ನೊಂದು ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಕೊಪ್ಪಳ, ಯಲಬುರ್ಗಗಳು ಆಗ ಸಾಲಾರಜಂಗರ ಜಹಗೀರಿಗೆ ಸೇರಿದ್ದುವು. ಕುಕನೂರು ಯಲಬುರ್ಗದ ಸೀಮೆಯಲ್ಲಿದ್ದಿತು. ಹೈದರಾಬಾದು ಸಂಸ್ಥಾನದಲ್ಲಿ ಮೇಲಣ ತರಗತಿಗಳ ಬೋಧನೆ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡವಾಡುವ ಹುಡುಗನು ಗಣಿತವನ್ನೂ ಚರಿತ್ರೆಯನ್ನೂ ತನ್ನದಲ್ಲದ ನುಡಿಯಲ್ಲಿ ಕಲಿಯಬೇಕಾಗಿದ್ದಿತು. ಕುಕನೂರಿನ ವಿದ್ಯಾನಂದ ಗುರುಕುಲವು ಈ ವಾತಾವರಣದಲ್ಲಿ ತಲೆಯೆತ್ತಿದ ಸಂಸ್ಥೆಯೆಂಬುದನ್ನು ಮರೆಯಲಾಗದು. ಆದರೂ ಆ ಸರಕಾರದ ಒಂದು ನಡೆಯನ್ನು ನ್ಯಾಯವಾಗಿ ಹೊಗಳಬೇಕಾಗಿದೆ. ೧೯೧೮ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವನ್ನು ಉರ್ದು ಮಾಧ್ಯಮದಲ್ಲಿ ಸ್ಥಾಪಿಸುವುದಕ್ಕೆ ಮುಂಚೆಯೇ, ೧೯೧೭ರಲ್ಲಿ, ಅದಕ್ಕೆ ಬೇಕಾದ ಗ್ರಂಥಗಳನ್ನು ಸಿದ್ಧಪಡಿಸಲು ದಾರುಲ್ ತರ್ಜುಮಾ ಎಂಬ ಭಾಷಾಂತರಾಲಯವನ್ನು ತೆರೆದರು. ಪಾರಿಭಾಷಿಕ ಪದಗಳನ್ನು ವಿದ್ವಾಂಸರು ಕುಳಿತು ಚರ್ಚಿಸಿ ನಿಶ್ಚಯಿಸಿದರು. ಆರಿಸಿಕೊಂಡ ಭಾಷೆಯು ಈ ಭಾಗದ ಜನರದಾಗಿರಲಿಲ್ಲ, ನಿಜ. ಆದರೆ ಕಟ್ಟಡ ಏಳುವ ಮುಂಚೆ ಗ್ರಂಥ ಸಿದ್ಧವಾಗಬೇಕೆಂಬ ಆ ಕ್ರಮವು ಸರಿಯಾದುದು. ಇತ್ತೀಚೆಗೆ ಯಂತ್ರವು ಶಾಲೆಗೆ ಮೊದಲು ಬರುತ್ತದೆ. ಅದರೊಳಗೆ ಹಾಕುವ ಕನ್ನಡ ಪಾಠ ಆಮೇಲೆ, ಎಂದಾದರೊಮ್ಮೆ.

೧೯೪೮ರಲ್ಲಿ ಸಂಸ್ಥಾನವು ಭಾರತದಲ್ಲಿ ಲೀನವಾಯಿತು. ೧೯೫೬ರಲ್ಲಿ ಈ ಸೀಮೆಯು ರಾಯಚೂರು ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡವು ಶಾಲೆಯ ಭಾಷೆಯಾಯಿತು. ಇದಾಗಿ ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ, ಜಗತ್ತೆಲ್ಲ ನೋಡುವಂತಹ ಒಂದು ಪ್ರಯೋಗ ಈ ಜಿಲ್ಲೆಗೇ ಬಂದಿಳಿಯಿತು. ಯಂತ್ರಮುಖವಾದ ಬೋಧನೆಯ ಚರಿತ್ರೆಯಲ್ಲಿ ಅದಕ್ಕಿರುವ ಸ್ಥಾನವನ್ನು ನೋಡಿದರೆ ಕನ್ನಡದಲ್ಲಿ ಅದರ ವಿಚಾರವಾಗಿ ನಡೆದಿರುವ ಬರವಣಿಗೆ ತೀರ ಅಲ್ಪವೆಂದೇ ಹೇಳಬೇಕು.

ಉಪಗ್ರಹದ ಮೂಲಕ ದೂರದರ್ಶನ ಬೋಧನೆಯ ಪ್ರಯೋಗವೆಂದು ಅದರ ಹೆಸರು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಸೈಟ್ ಎಂದು ಕರೆಯುವುದು ವಾಡಿಕೆ. ಇದಕ್ಕಾಗಿ ಭಾರತ ಸರಕಾರದ ಪರಮಾಣು ಶಕ್ತಿ ಇಲಾಖೆಗೂ ಅಮೆರಿಕದ ನಾಸಾ ಸಂಸ್ಥೆಗೂ ೧೯೬೯ರಲ್ಲಿ ಒಡಂಬಡಿಕೆಯಾಯಿತು. ನಾಸಾದ ಎ.ಟಿ.ಎಸ್.-೬ ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಬಿತ್ತರಿಸಿದರು. ಕರ್ನಾಟಕದಲ್ಲಿ ಇದಕ್ಕೆ ಆರಿಸಿದ ಜಿಲ್ಲೆಗಳು ಗುಲ್ಬರ್ಗ, ಬಿಜಾಪುರ ಮತ್ತು ರಾಯಚೂರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಗಳು ಆಗ ರಾಯಚೂರಿನ ತಾಲ್ಲೂಕುಗಳೇ. ಕೊಪ್ಪಳವು ಬೇರೆ ಜಿಲ್ಲೆಯಾದುದು ೧೯೯೭ರಲ್ಲಿ. ಬೆಂಗಳೂರಿನಲ್ಲಿ ದೂರದರ್ಶನದ ನಿಲಯವೇ ಇಲ್ಲದಿದ್ದ ಕಾಲದಲ್ಲಿ ರಾಯಚೂರು ಜಿಲ್ಲೆಯ ಹಳ್ಳಿಯ ಮಕ್ಕಳು ಶಾಲೆಯಲ್ಲಿ ಕುಳಿತು ಆಕಾಶದಿಂದ ನೇರವಾಗಿ ಬಂದ ಕನ್ನಡ ಪಾಠವನ್ನು ನೋಡಿದರು. ಸುಮಾರು ಮೂರು ಮೀಟರು ವ್ಯಾಸದ, ಕೋಳಿಗೂಡಿಗೆ ಹಾಕುವಂತಹ ತಂತಿಬಲೆಯಿಂದ ಮಾಡಿದ ಒಂದು ಛತ್ರಿ. ಅದಕ್ಕೆ ಜೋಡಿಸಿದ ಒಂದು ಪೆಟ್ಟಿಗೆ. ಅದರ ಮುಂದೆ ಇಡೀ ಊರು.

ಕಾರ್ಯಕ್ರಮಗಳ ಹಂಚಿಕೆಯನ್ನು ಗಮನಿಸಬೇಕು. ದಿನಕ್ಕೆ ನಾಲ್ಕು ಗಂಟೆಗಳ ಪ್ರಸಾರದಲ್ಲಿ ಬೆಳಗಿನ ಒಂದೂವರೆ ಗಂಟೆ ಐದರಿಂದ ಹನ್ನೆರಡು ವರ್ಷದ ಮಕ್ಕಳಿಗೆ, ಸಂಜೆಯ ಎರಡೂವರೆ ಗಂಟೆ ಊರವರಿಗೆ. ಬೆಳಗಿನ ಆ ಒಂದೂವರೆ ಗಂಟೆಯನ್ನು ಹಿಂದಿ, ತೆಲುಗು, ಒಡಿಯಾ, ಕನ್ನಡಗಳೆಂಬ ನಾಲ್ಕು ಭಾಷೆಗಳಿಗೆ ಸಮವಾಗಿ ಹಂಚಿದುದರಿಂದ ಕನ್ನಡದ ಪಾಲಿಗೆ ಇಪ್ಪತ್ತೆರಡೂವರೆ ನಿಮಿಷ ದೊರೆಯಿತು. ಕೋಟಿಗಟ್ಟಲೆ ರೂಪಾಯಿಯ ಏರ್ಪಾಡಿನಲ್ಲಿ ಮಗುವಿಗೆ ಮುಟ್ಟುವುದು ದಿನಕ್ಕೆ ಇಷ್ಟೇ ಎಂದು ಮೂಗುಮುರಿಯುವವರು ಉಂಟು. ಆದರೆ ತನ್ನ ಭಾಷೆಯಲ್ಲಿ ಬರುವ ಇಪ್ಪತ್ತೆರಡು ನಿಮಿಷಕ್ಕೂ ಅನ್ಯಭಾಷೆಯ ಇಡೀ ದಿನದ ಬೋಧನೆಗೂ ಇರುವ ಅಂತರವನ್ನು ನಿಜಾಮರ ಕಾಲದ ಶಾಲೆಗಳನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಉಪಗ್ರಹದಲ್ಲಿ ಒಂದು ಚಿತ್ರಕ್ಕೆ ಎರಡು ಧ್ವನಿಗಳನ್ನು ಕೂಡಿಸಿ ಕಳುಹಿಸುವ ಅನುಕೂಲವಿದ್ದಿತು; ಒಂದೇ ಚಿತ್ರವನ್ನು ಎರಡು ನಾಡಿನವರು ತಂತಮ್ಮ ನುಡಿಯಲ್ಲಿ ಕೇಳುವುದು ಅದರಿಂದ ಸಾಧ್ಯವಾಯಿತು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ, ತೆಲುಗಿನ ಕಾರ್ಯಕ್ರಮಗಳ ಜೊತೆಯಲ್ಲಿ. ರಾಜಕೀಯವಾಗಿ ಹೈದರಾಬಾದನ್ನು ಬಿಟ್ಟು ಇಪ್ಪತ್ತು ವರ್ಷವಾಗಿದ್ದರೂ ಪಾಠ ಮಾತ್ರ ಮತ್ತೆ ಅಲ್ಲಿಂದಲೇ ಬಂದುದು ವಿನೋದವೆನಿಸುತ್ತದೆ.

ಈ ಪ್ರಯೋಗದ ಅತ್ಯಂತ ಬೆಲೆಯುಳ್ಳ ಭಾಗವು ಛತ್ರಿಯೂ ಅಲ್ಲ, ಪೆಟ್ಟಿಗೆಯೂ ಅಲ್ಲ; ಶಿಕ್ಷಕರಿಗೆ ಕೊಟ್ಟ ತರಬೇತು. ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನವನ್ನು ಹೇಗೆ ಕಲಿಸಬೇಕೆಂಬುದನ್ನು ಅದೇ ದೂರದರ್ಶನದ ಮೂಲಕವೂ ಆಕಾಶವಾಣಿ ಮತ್ತು ಅಚ್ಚಾದ ಪಾಠಗಳ ಮೂಲಕವೂ ಎರಡು ಸರದಿಗಳಲ್ಲಿ, ಹತ್ತಿರ ಹತ್ತಿರ ೫೦,೦೦೦ ಶಿಕ್ಷಕರಿಗೆ ಕಲಿಸಿದರು. ಮಗುವಿಗೆ ನೇರವಾಗಿ ಹೇಳುವುದಕ್ಕಿಂತ ಮಗುವಿಗೆ ಹೇಳುವವನಿಗೆ ಹೇಳುವುದು ಮೇಲೆಂಬ ತತ್ತ್ವ ಇಲ್ಲಿದೆ. ಮೆಕ್ಸಿಕೋ ದೇಶದಲ್ಲಿ ೧೯೬೮ರಲ್ಲಿ ಆರಂಭವಾದ ಟೆಲಿಸೆಕುಂದಾರಿಯಾ ಎಂಬ ವ್ಯವಸ್ಥೆಯಲ್ಲಿಯೂ ಇದೇ ದೃಷ್ಟಿ ಕಾಣುತ್ತದೆ. ಅಲ್ಲಿಯ ದೂರದ ಹಳ್ಳಿಗಳಲ್ಲಿ ಪ್ರತಿಯೊಂದು ವಿಷಯಕ್ಕೂ ಬೇರೆ ಬೇರೆ ಉಪಾಧ್ಯಾಯರನ್ನು ಒದಗಿಸಲಾರದೆ ದೂರದರ್ಶನದ ಪಾಠವನ್ನು ತಂದರು. ಆದರೆ ತರಗತಿಯಲ್ಲಿ ಒಬ್ಬ ಉಪಾಧ್ಯಾಯನನ್ನು, ಕೈಯಲ್ಲಿ ಅಚ್ಚಿನ ಪುಸ್ತಕವನ್ನು ಉಳಿಸಿಕೊಂಡರು. ಆ ವ್ಯವಸ್ಥೆ ದಶಕಗಳ ಕಾಲ ಬಾಳಿತು. ಇದಕ್ಕೆ ಪ್ರತಿಯಾದ ಉದಾಹರಣೆ ಪೆರು ದೇಶದ್ದು. ಅಲ್ಲಿ ಮಗುವಿಗೊಂದು ಪುಟ್ಟ ಗಣಕಯಂತ್ರವೆಂಬ ಯೋಜನೆಯಂತೆ ಹಳ್ಳಿಯ ಶಾಲೆಗಳಿಗೆ ಯಂತ್ರಗಳನ್ನು ಧಾರಾಳವಾಗಿ ಹಂಚಿದರು. ೩೧೯ ಶಾಲೆಗಳನ್ನು ಪರೀಕ್ಷಿಸಿ ೨೦೧೨ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮಕ್ಕಳು ಯಂತ್ರವನ್ನು ಬಳಸುವುದು ಹೆಚ್ಚಿದರೂ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಅವರ ಕಲಿಕೆ ಮೇಲೇರಿದುದಕ್ಕೆ ಆಧಾರವಿಲ್ಲವೆಂದು ತಿಳಿದುಬಂದಿತು.

ಸೈಟ್ ಪ್ರಯೋಗವು ಗೊತ್ತಾದ ದಿನ ಮುಗಿಯಿತು. ಉಪಗ್ರಹವನ್ನು ಅದರ ಒಡೆಯರು ಹಿಂದಕ್ಕೆ ಸರಿಸಿಕೊಂಡರು. ೧೯೭೭ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಣ ಪ್ರಸಾರಕೇಂದ್ರವೊಂದು ಸ್ಥಾಪಿತವಾದರೂ ಗೋಪುರದ ಪ್ರಸಾರಕ್ಕೆ ಎಟುಕುವುದು ಸುತ್ತಮುತ್ತಲ ಹಳ್ಳಿಗಳು ಮಾತ್ರ. ಅಷ್ಟು ದೂರದ ಯಲಬುರ್ಗ, ಕುಷ್ಟಗಿಗಳ ಕಡೆಗೆ ಅದು ಮುಟ್ಟುವಂತಿರಲಿಲ್ಲ. ಒಂದು ವರ್ಷ ಪಾಠ ಕಂಡ ಮಗು ಮರುವರ್ಷ ಅದನ್ನು ಕಾಣಲಿಲ್ಲ. ಉಳಿದುದು, ಎಷ್ಟು ಉಳಿದಿದ್ದರೂ, ತರಬೇತನ್ನು ಪಡೆದ ಶಿಕ್ಷಕನ ತಲೆಯಲ್ಲಿ.

ಆ ಮೇಲಣ ಯೋಜನೆಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೨೦೦೧-೦೨ರಲ್ಲಿ ಮಾಹಿತಿ ಸಿಂಧು ಎಂಬ ಯೋಜನೆ ಸರಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳನ್ನು ತಂದಿತು. ೨೦೦೪ರ ಸೆಪ್ಟೆಂಬರ್ ೨೦ರಂದು ಶ್ರೀಹರಿಕೋಟೆಯಿಂದ ಹಾರಿದ ಎಡ್ಯುಸ್ಯಾಟ್ ಕೇವಲ ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ. ಅದರ ಪಾಠಗಳು ಮೊದಲು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಹೋದುವು. ಇವುಗಳ ನಡುವೆ ಆಕಾಶವಾಣಿಯ ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ಎಂಬ ಕಾರ್ಯಕ್ರಮಗಳಿಗೆ ದೊರೆಯಬೇಕಾದ ಗೌರವ ದೊರೆತಿಲ್ಲವೆಂದು ತೋರುತ್ತದೆ. ಬಾನುಲಿಯು ಅಗ್ಗವಾದ ಯಂತ್ರ; ವಿದ್ಯುತ್ತು ಹೋದರೂ ಸೆಲ್ಲಿನ ಮೇಲೆ ನಡೆಯುತ್ತದೆ. ಬಾನುಲಿಯ ಈ ಬಗೆಯ ಪಾಠದಲ್ಲಿ ಪ್ರಶ್ನೆಯನ್ನು ಕೇಳಿ ತುಸು ಹೊತ್ತು ಸುಮ್ಮನಿರುವ ಪದ್ಧತಿಯುಂಟು; ಆ ಮೌನದಲ್ಲಿ ಮಕ್ಕಳು ಕೂಗಿ ಉತ್ತರ ಹೇಳಬೇಕು, ಹಾಡಬೇಕು, ಎದ್ದು ಕುಣಿಯಬೇಕು; ಶಿಕ್ಷಕನು ಅದನ್ನು ನಡೆಯಿಸಬೇಕು. ಸುಮ್ಮನಿರುವುದನ್ನು ಬಲ್ಲ ಯಂತ್ರವೇ ಶಾಲೆಗೆ ತಕ್ಕ ಯಂತ್ರ.

೨೦೨೦ರ ಮಾರ್ಚಿನಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಶಾಲೆಗಳು ಮುಚ್ಚಿದಾಗ ಈ ವಿಚಾರವೆಲ್ಲ ಒಮ್ಮೆಗೇ ಒರೆಗಲ್ಲಿಗೆ ಬಂದಿತು. ೨೦೧೭ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ್ದ ದೀಕ್ಷಾ ಎಂಬ ಅಂತರ್ಜಾಲದ ಭಂಡಾರದಲ್ಲಿ ಪಾಠಗಳಿದ್ದುವು. ಪುಸ್ತಕದ ಪುಟದಲ್ಲಿ ಅಚ್ಚಾದ ಚೌಕದ ಗುರುತನ್ನು ಫೋನಿಗೆ ತೋರಿಸಿದರೆ ಆ ಪಾಠದ ಚಿತ್ರ ತೆರೆದುಕೊಳ್ಳುತ್ತದೆ. ಆದರೆ ಮನೆಗಿರುವ ಒಂದು ಫೋನನ್ನು ತಂದೆಯು ಕೂಲಿಗೆ ಹೋಗುವಾಗ ಜೇಬಿನಲ್ಲಿಟ್ಟುಕೊಂಡು ಹೋದರೆ ಮಗುವಿಗೆ ಭಂಡಾರದ ಬಾಗಿಲು ಹಾಕಿದಂತೆಯೇ. ಆದಕಾರಣ ಸರಕಾರವು ‘ಸಂವೇದ’ವೆಂಬ ಪಾಠಗಳನ್ನು ದೂರದರ್ಶನದ ಚಂದನ ವಾಹಿನಿಯಲ್ಲಿ ಬಿತ್ತರಿಸಿತು. ಅದೂ ಸಾಲದೆಂದು ಕಂಡು ಅದೇ ವರ್ಷದ ಆಗಸ್ಟಿನಲ್ಲಿ ‘ವಿದ್ಯಾಗಮ’ವನ್ನು ತಂದಿತು. ಗುಡಿಯ ಪೌಳಿ, ಮರದ ನೆರಳು, ಸಮುದಾಯ ಭವನ, ಎಲ್ಲಿ ಜಾಗ ಸಿಕ್ಕೀತೋ ಅಲ್ಲಿಗೆ ಶಿಕ್ಷಕನೇ ಹೋಗಿ ಮಕ್ಕಳನ್ನು ಸಣ್ಣ ಗುಂಪುಗಳಾಗಿ ಕೂರಿಸಿ ಪಾಠ ಹೇಳುವುದು ಅದರ ಕ್ರಮ. ರೋಗಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ೨೦೨೧ರ ಜನವರಿಯಲ್ಲಿ ಮತ್ತೆ ತೊಡಗಿದರು. ಅಂತರ್ಜಾಲದಿಂದ ದೂರದರ್ಶನಕ್ಕೆ, ದೂರದರ್ಶನದಿಂದ ಮರದ ನೆರಳಿಗೆ ಹೀಗೆ ಮೆಟ್ಟಿಲಿಳಿದುದನ್ನು ಸೋಲೆಂದು ಎಣಿಸಬೇಕಾಗಿಲ್ಲ. ಯಂತ್ರಗಳನ್ನೆಲ್ಲ ದಾಟಿ ಮಗುವಿನ ಬಳಿಗೆ ಹೋಗಬೇಕಾದಾಗ ಬೇಕಾದವನು ಯಾರೆಂಬುದು ಆಗ ಎಲ್ಲರ ಕಣ್ಣಿಗೂ ಬಿದ್ದಿತು.

ಇಲ್ಲಿಗೆ ನಡುವೆ ನಿಲ್ಲುವವರಾರೆಂಬ ಪ್ರಶ್ನೆಯ ವಿಚಾರವಾಯಿತು. ಭಾಷೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಪಾಠ ಕನ್ನಡದಲ್ಲಿದೆಯೆಂದ ಮಾತ್ರಕ್ಕೆ ಅದು ಕುಕನೂರಿನ ಮಗುವಿನ ಕನ್ನಡದಲ್ಲಿದೆಯೆಂದು ಹೇಳಲಾಗದು. ರಾಜ್ಯಕ್ಕೆಲ್ಲ ಒಂದೇ ಪಾಠವನ್ನು ಚಿತ್ರಿಸಿ ಕಳುಹಿಸುವಾಗ ಹೇಳುವವರ ಉಚ್ಚಾರ, ಆರಿಸುವ ಉದಾಹರಣೆ, ತೋರಿಸುವ ಚಿತ್ರ ಎಲ್ಲವೂ ಒಂದು ಪ್ರಾಂತದ್ದಾಗುವ ಅಪಾಯವುಂಟು. ಈ ಸೀಮೆಯ ಮಗು ‘ಇದೆ’ ಎನ್ನುವುದಿಲ್ಲ, ‘ಐತಿ’ ಎನ್ನುತ್ತದೆ. ಹೋಗುವುದು ಶಾಲೆಗಲ್ಲ, ಸಾಲಿಗೆ. ಅದರ ಅಪ್ಪ ಉಳುವುದು ರೆಂಟೆಯಿಂದ, ಹರಗುವುದು ಕುಂಟೆಯಿಂದ. ನೆಲವೆಂದರೆ ಎರೆ ಮತ್ತು ಮಸಾರಿ. ಊಟವೆಂದರೆ ಜೋಳದ ರೊಟ್ಟಿ. ಪರದೆಯ ಮೇಲೆ ರಾಗಿಯ ಮುದ್ದೆಯೂ ತೆಂಗಿನ ತೋಟವೂ ಬರಲಿ, ಅದರಿಂದ ಮಗುವಿನ ಲೋಕ ವಿಸ್ತರಿಸುತ್ತದೆ. ಎಂದಿಗೂ ರೆಂಟೆ ಬಾರದೆ ಹೋದರೆ ತನ್ನ ಮನೆಯ ಮಾತು ವಿದ್ಯೆಯ ಮಾತಲ್ಲವೆಂಬ ನಂಬಿಕೆ ಮಗುವಿನಲ್ಲಿ ಬೇರೂರುತ್ತದೆ. ತರಗತಿಯ ಶಿಕ್ಷಕನು ಪುಸ್ತಕದ ‘ನೇಗಿಲು’ ಎಂಬ ಮಾತನ್ನು ಓದಿ, ‘ಅಂದರ ನಮ್ಮ ರೆಂಟಿ’ ಎಂದು ಒಂದು ಮಾತು ಸೇರಿಸುತ್ತಾನೆ. ಅಶೋಕನ ಬಂಡೆಯ ಬಳಿ ನಿಂತವನು ಮಾಡಿದ ಕೆಲಸವೂ ಇದೇ. ಯಂತ್ರದಲ್ಲಿ ಆ ಒಂದು ಮಾತಿಗೆ ಸ್ಥಳವಿಲ್ಲ.

ಕವಿರಾಜಮಾರ್ಗಕಾರನು ಕನ್ನಡದ ತಿರುಳು ಯಾವ ಪ್ರದೇಶದಲ್ಲಿದೆಯೆಂದು ಹೇಳುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳ ಜೊತೆಗೆ ಕೊಪಣನಗರವನ್ನು ಹೆಸರಿಸಿರುವನು. ಕೊಪಣವೇ ಇಂದಿನ ಕೊಪ್ಪಳವೆಂದು ವಿದ್ವಾಂಸರು ಒಪ್ಪಿದ್ದಾರೆ. ಕುಕನೂರು ಆ ಪ್ರದೇಶದ ನಡುವಿನಲ್ಲಿಯೇ ಬೀಳುತ್ತದೆ. ಸಾವಿರದ ನೂರೆಪ್ಪತ್ತು ವರ್ಷಗಳ ಹಿಂದೆ ತಿರುಳ್ಗನ್ನಡವೆನಿಸಿದ ನಾಡಿನ ಮಾತು ಇಂದು ಪರದೆಯ ಮೇಲೆ ಪ್ರಾಂತಭೇದವೆನಿಸಿ, ಕೆಲವೊಮ್ಮೆ ನಗೆಗೂ ಈಡಾಗುತ್ತಿರುವುದು ಕಾಲದ ಮಹಿಮೆ. ಅದೇ ಗ್ರಂಥಕಾರನು ನಾಡುನಾಡಿನ ಕನ್ನಡಗಳು ಬಗೆಬಗೆಯಾಗಿರುವುದನ್ನೂ, ಓದಿನ ಶ್ರಮವಿಲ್ಲದೆಯೇ ಕಾವ್ಯವನ್ನು ಬಲ್ಲ ಜನರಿರುವುದನ್ನೂ ಹೇಳಿದ್ದಾನೆ. ಪಾಠಗಳನ್ನು ಸಿದ್ಧಪಡಿಸುವವರು ಆ ಗ್ರಂಥದ ಮೊದಲ ಪರಿಚ್ಛೇದವನ್ನು ಓದಿಕೊಂಡು ಕುಳಿತರೆ ಕೆಡುಕೇನೂ ಆಗದು. ಸೈಟ್ ಕಾಲದಲ್ಲಿ ಒಂದು ಪಾಠಕ್ಕೆ ಎರಡು ಧ್ವನಿಗಳನ್ನು ಕೂಡಿಸಲು ಉಪಗ್ರಹವೇ ಬೇಕಾಗಿದ್ದಿತು. ಇಂದು ಒಂದೇ ಚಿತ್ರಕ್ಕೆ ಕಲಬುರಗಿಯ, ಧಾರವಾಡದ, ಮಂಗಳೂರಿನ, ಮೈಸೂರಿನ ಧ್ವನಿಗಳನ್ನು ಬೇರೆ ಬೇರೆಯಾಗಿ ಇಡುವುದಕ್ಕೆ ಯಾವ ತಾಂತ್ರಿಕ ಅಡ್ಡಿಯೂ ಇಲ್ಲ. ಅಡ್ಡಿಯಿರುವುದು ಆ ಪಾಠವನ್ನು ಬರೆಯಬಲ್ಲವರನ್ನು ಆ ಆ ಸೀಮೆಯಿಂದ ಕರೆಯುವ ಸಂಕಲ್ಪದಲ್ಲಿ.

ಧ್ವನಿಯಂತೆಯೇ ಅಕ್ಷರದ ಕಥೆಯೂ ಸ್ವಲ್ಪವಿದೆ. ಅದು ಸಾಹಿತ್ಯದ ಅಧ್ಯಾಪಕರಿಗೆ ಹೆಚ್ಚು ಹತ್ತಿರವಾದುದು. ೧೯೯೮ರಲ್ಲಿ ಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಎಂಬ ತಂತ್ರಾಂಶಗಳೂ ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವೂ ಕನ್ನಡ ಬರವಣಿಗೆಯನ್ನು ಗಣಕಯಂತ್ರಕ್ಕೆ ತಂದುವು. ಆ ಉಪಕಾರ ದೊಡ್ಡದು. ಆದರೆ ಮೊದಲಿನ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆಯೇ ಕನ್ನಡದ ತುಂಡು ಆಕಾರಗಳನ್ನು ಕೂರಿಸಿದ್ದರು. ಕಣ್ಣಿಗೆ ಅದು ಕನ್ನಡ, ಯಂತ್ರದ ಲೆಕ್ಕದಲ್ಲಿ ಇಂಗ್ಲಿಷಿನ ಅಸಂಬದ್ಧ ಅಕ್ಷರಮಾಲೆ. ಆ ಅಚ್ಚುಮೊಳೆ ಇಲ್ಲದ ಯಂತ್ರದಲ್ಲಿ ತೆರೆದರೆ ಪಾಠವೆಲ್ಲ ಕಲಸುಮೇಲೋಗರ. ಅಂತಹ ಪಾಠದೊಳಗೆ ಒಂದು ಪದವನ್ನು ಹುಡುಕಲಾಗದು. ಕುರುಡು ಮಗುವಿಗೆ ಯಂತ್ರವು ಅದನ್ನು ಓದಿ ಹೇಳಲಾರದು. ಯೂನಿಕೋಡ್ ಎಂಬ ಜಾಗತಿಕ ಸಂಕೇತವ್ಯವಸ್ಥೆಯಲ್ಲಿ ೧೯೯೧ರಿಂದಲೇ ಕನ್ನಡಕ್ಕೆ ಸ್ವಂತ ಸ್ಥಾನವಿದ್ದರೂ ಅದು ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಈ ನಡುವೆ ಹಳೆಯ ಪದ್ಧತಿಯಲ್ಲಿ ಸಿದ್ಧವಾದ ಪಾಠಗಳೂ, ಪುಟಗಳ ಚಿತ್ರವನ್ನು ಮಾತ್ರ ತೆಗೆದಿಟ್ಟ ಗ್ರಂಥಗಳೂ ಇಂದಿಗೂ ಮೂಕವಾಗಿಯೇ ಉಳಿದಿವೆ. ಯೂನಿಕೋಡಿಗೆ ತಂದುದರ ಫಲವನ್ನು ‘ವಚನ ಸಂಚಯ’ದಲ್ಲಿ ನೋಡಬಹುದು, ಸಾವಿರಗಟ್ಟಲೆ ವಚನಗಳಲ್ಲಿ ಒಂದು ಪದವು ಎಲ್ಲೆಲ್ಲಿ ಬಂದಿದೆಯೆಂಬುದನ್ನು ಕುಕನೂರಿನ ಅಧ್ಯಾಪಕನು ಕುಳಿತಲ್ಲಿಂದಲೇ ಕ್ಷಣಮಾತ್ರದಲ್ಲಿ ಅರಿಯಬಲ್ಲನು. ಹಿಂದೆ ಇದು ವರ್ಷಗಳ ಚೀಟಿಗೆಲಸ.

ಹಳಗನ್ನಡವನ್ನು ಕಲಿಸುವವರಿಗೆ ಬೇಕಾದ ಅಕ್ಷರಗಳು ಈ ವ್ಯವಸ್ಥೆಯಲ್ಲಿ ಪಟ್ಟ ಪಾಡು ಬೇರೆಯೇ. ಱಕಾರಕ್ಕೆ ಮೊದಲಿನಿಂದಲೂ ಸ್ಥಾನವಿದ್ದಿತು. ೞಕಾರಕ್ಕೆ ಸ್ಥಾನ ದೊರೆತರೂ ಅದರ ಹೆಸರನ್ನು ಇಂಗ್ಲಿಷಿನ ಎಫ್ ಅಕ್ಷರದ ಧ್ವನಿಯೆಂಬಂತೆ ‘ಫ’ ಎಂದು ತಪ್ಪಾಗಿ ಬರೆದುಕೊಂಡರು. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಕೂಡದೆಂಬುದು ಆ ವ್ಯವಸ್ಥೆಯ ನಿಯಮವಾದುದರಿಂದ ಪಕ್ಕದಲ್ಲಿ ಸರಿಯಾದ ಹೆಸರನ್ನು ಸೇರಿಸಿ ತಪ್ಪನ್ನು ಹಾಗೆಯೇ ಬಿಟ್ಟಿದ್ದಾರೆ. ಪಂಪನನ್ನು ಬಲ್ಲ ಒಬ್ಬ ಪಂಡಿತನನ್ನು ಆಗ ಕೇಳಿದ್ದರೆ ಇದು ತಪ್ಪುತ್ತಿದ್ದಿತು. ಶಾಸನಗಳಲ್ಲಿ ಕಾಣುವ ನಕಾರಪೊಲ್ಲಿಗೆ ಸ್ಥಾನ ಸಿಕ್ಕಿದುದು ೨೦೨೧ರಲ್ಲಿ. ಶಾಸನಪಾಠವನ್ನು ಮೂಲದ ರೂಪದಲ್ಲಿಯೇ ವಿದ್ಯಾರ್ಥಿಗಳಿಗೆ ಕಳುಹಿಸುವುದು ಈಗ ಸಾಧ್ಯ. ಆದರೆ ಆ ಅಕ್ಷರದ ಆಕಾರವನ್ನು ಬಲ್ಲ ಅಚ್ಚುಮೊಳೆ ಶಾಲೆಯ ಯಂತ್ರದಲ್ಲಿ ಇಲ್ಲದಿದ್ದರೆ ಅದು ಇದ್ದಲ್ಲಿ ಒಂದು ಖಾಲಿ ಚೌಕ ಕಾಣಿಸುತ್ತದೆ. ಅಲ್ಲಿರುವುದು ಏನೆಂಬುದನ್ನು ಅಧ್ಯಾಪಕನು ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಬೇಕಾಗುತ್ತದೆ.